ಅಳೆದೂ ಸುರಿದೂ

ಮಾಟೊಸಿನ್ಯೋಸ್ ಬಂದರಿನ ಹಿಂದಿನ ಬೀದಿ,
ಮೀನಿನ ಡಬ್ಬಿ ಕಾರ್ಖಾನೆ, ಮೂರನೇ ಮಹಡಿ.
ಕಿಟಕಿ ತೆಗೆದರೆ ಬೂತಾಯಿ ವಾಸನೆ,
ಮುಚ್ಚಿದರೆ ನನ್ನದೇ ಬೆವರು.

ಎದುರಿಗೆ ಎರಡು ಪಟ್ಟಿ.
ಎಡಕ್ಕೆ ಯೂರೋ:
ಲಾಭ ಶೇಕಡಾ ನಾಲ್ಕು, ಸಾಲದ ಬಡ್ಡಿ, ಎಣ್ಣೆಯ ಬೆಲೆ.
ಬಲಕ್ಕೆ, ಲಿಸ್ಬನ್ನಿನವರು ಹೊಸದಾಗಿ ಕಳಿಸಿದ್ದು,
ದುಡ್ಡಲ್ಲದ್ದು:
ಗ್ರಾಹಕರ ದೂರು, ಗೈರುಹಾಜರಿ, ತರಬೇತಿಯ ತಾಸು,
ಸಿಬ್ಬಂದಿಯ ಸಂತೃಪ್ತಿ, ಒಂದರಿಂದ ಐದು.
ಪ್ರತಿಯೊಂದರ ಮುಂದೂ ಒಂದು ಚುಕ್ಕೆ ಇಡಬೇಕು,
ಕೆಂಪು, ಹಳದಿ, ಇಲ್ಲವೇ ಹಸಿರು.

ಈ ಸಲ ದೂರು ಸೊನ್ನೆ.
ಹಸಿರು ಇಟ್ಟೆ. ಒಂದಿಷ್ಟು ಬೀಗಿದೆ ಕೂಡ.
ಆಮೇಲೆ ಎಡಪಟ್ಟಿಯಲ್ಲಿ, ಉಳಿತಾಯದ ಕೆಳಗೆ, ಕಣ್ಣಿಗೆ ಬಿತ್ತು:
ದೂರಿನ ಫೋನು ಫೆಬ್ರವರಿಯಿಂದ ಬಂದ್,
ತಿಂಗಳಿಗೆ ಮೂವತ್ತೊಂದು ಯೂರೋ ಉಳಿಕೆ.
ಒಂದು ತಂತಿ ಕತ್ತರಿಸಿದ್ದಕ್ಕೆ
ಎರಡೂ ಕಡೆ ಹಸಿರು.

ಗೈರುಹಾಜರಿಯೂ ಇಳಿದಿದೆ.
ಇಳಿಯದೆ ಏನು,
ರಜೆ ಹಾಕಿದರೆ ಬೋನಸ್ಸಿಲ್ಲ ಅಂದಮೇಲೆ
ಕೆಮ್ಮು ಕೂಡ ಏಳೂವರೆಗೆ ಸರಿಯಾಗಿ ಬಂದು
ಸಹಿ ಹಾಕುತ್ತದೆ.

ಕೆಳಗಿಳಿದೆ.
ಬೆಲ್ಟಿನ ಕೊನೆಗೆ ದೆಯೊಲಿಂಡಾ,
ಮೂವತ್ತೆಂಟು ವರ್ಷದಿಂದ ಅದೇ ಹಲಗೆಯ ಮೇಲೆ ನಿಂತು,
ಕೈಯಲ್ಲೊಂದು ಮರದ ಕಡ್ಡಿ,
ಮುಚ್ಚಿದ ಡಬ್ಬಿಗಳ ನೆತ್ತಿಗೆ ಟಕ್, ಟಕ್, ಟಕ್,
ಟಪ್ ಅಂದದ್ದು ಪಕ್ಕಕ್ಕೆ.
ಅದರೊಳಗೆ ಗಾಳಿ ಹೊಕ್ಕಿದೆಯಂತೆ.
ನನ್ನ ಕಿವಿಗೆ ಎರಡೂ ಒಂದೇ.

"ದಿನಕ್ಕೆ ಎಷ್ಟು ತೆಗೀತೀರಿ?"
"ಕೆಟ್ಟಷ್ಟು."
"ಬರೆದಿಡೋದಿಲ್ವಾ?"
"ಬರೀತಾ ಕೂತರೆ ಕೇಳಿಸೋದು ಯಾರಿಗೆ?"

ಎಡಪಟ್ಟಿಯಲ್ಲಿ ಅವಳೊಂದು ನಷ್ಟ,
ದಿನಕ್ಕೆ ನಲವತ್ತು ಡಬ್ಬಿ, ಕೆಂಪು.
ಬಲಪಟ್ಟಿಯಲ್ಲಿ ಅವಳಿಗೆ ಜಾಗವೇ ಇಲ್ಲ.
ದೂರು ಬಾರದಿದ್ದದ್ದು
ಫೋನಿಲ್ಲದ್ದಕ್ಕೋ, ಇವಳಿದ್ದದ್ದಕ್ಕೋ,
ಅಳೆದೂ ಸುರಿದೂ ನೋಡಿದೆ,
ಬಗೆಹರಿಯಲಿಲ್ಲ.

ಮತ್ತೆ ಮೇಲೆ ಬಂದು ಹಸಿರು ಅಳಿಸಿದೆ.
ಕಾಗದಕ್ಕೆ ಮಸಿಯ ಗಾಯವಾಯಿತು.
ಯಾರೂ ನೋಡುತ್ತಿಲ್ಲವೆಂದು
ಪೆನ್ಸಿಲಿನಿಂದ ಪಟ್ಟಿಯ ನೆತ್ತಿಗೆ ಒಮ್ಮೆ ಬಡಿದು
ಕಿವಿಗೊಟ್ಟೆ.
ಟಕ್ಕೋ, ಟಪ್ಪೋ.

ಕೊನೆಗೆ ಎಡಕ್ಕೆ, ಖರ್ಚಿನ ಕಡೆ, ಬರೆದೆ:
ಫೋನು, ಮೂವತ್ತೊಂದು ಯೂರೋ.
ನಾಳೆಯಿಂದ ಗಂಟೆ ಹೊಡೆಯಲಿ.