ಹುತ್ತ ಕೆಡವಲಿಕ್ಕೆ ಹೋದಾವ

ರೋಟವೇಟರ್ ನಂದು. ಎಕರೆಕ್ಕ ಹದಿನೆಂಟುನೂರು.
ಸವಣೂರ ಸುತ್ತ ಏಳೂರಿನ ಮಣ್ಣು
ಇದರ ಹಲ್ಲಿಗೆ ಗೊತ್ತೈತಿ,
ಎಲ್ಲಿ ಕಲ್ಲು ಕಟ್ಟಂತೈತಿ, ಎಲ್ಲಿ ಕರಕಿ ಸುತ್ತಿಕೊಳ್ಳತೈತಿ.
ಫಕ್ಕೀರಗೌಡ್ರು ಫೋನ್ ಹಚ್ಚಿದ್ರು:
“ದಾವಲಸಾಬಾ, ಮಸಾರಿ ಹೊಲದ ಮೂಲ್ಯಾಗ
ಹುತ್ತ ಒಂದು ಎದ್ದೈತಿ. ಕಿತ್ತು ಸಪಾಟ ಮಾಡು.”

ಹೋದೆ. ಹುತ್ತದ ಮುಂದ ಹುಲಗವ್ವ ಕುಂತಿದ್ದಳು,
ತೊಡಿ ಮ್ಯಾಲ ಮರ, ಹೆಗಲ ಮ್ಯಾಲ ಹಳೇ ಸೀರಿ.
“ಇದೊಂದು ರಾತ್ರಿ ಬಿಡೋ ತಮ್ಮಾ.
ರೋಣಿ ಮಳಿ ಮಧ್ಯಾಹ್ನ ಹೊಯ್ದು ಹೋಗೈತಿ,
ನೆಲ ಬಿಸಿ ಉಸಿರು ಬಿಡಾಕ ಹತ್ತೈತಿ.
ಈಸಲಹುಳ ಏಳತಾವು.”

ಆಕಿ ಮಾತಿಗೆ ಬಿಟ್ಟೆ ಅಂತಲ್ಲ. ಡೀಸೆಲ್ ಮುಗದಿತ್ತು.

ಹೊತ್ತು ಮುಣುಗಿದ ಮ್ಯಾಲ
ಹುತ್ತದ ಮೂರು ಬಾಯಾಗ ಎರಡಕ್ಕಷ್ಟ ಸೀರಿ ಮುಚ್ಚಿ
ನನ್ನ ಮೊಬೈಲ್ ಇಸಗೊಂಡು ಬೆಳಕು ಒಳಗಿಟ್ಟಳು.
ಮೂರನೇದು?
“ಅದು ನನ್ನ ಪಾಲಲ್ಲ.”
ಮತ್ತ ಯಾರದಬೇ, ಅನ್ನೂದರಾಗ
ಒಡ್ಡಿನ ಕಪ್ಪಿ ಬಂತು, ಬೇವಿನ ಗೂಬಿ ಬಂತು,
ಕಣ್ಣಕಪ್ಪಡಿ ತಲಿ ಸವರಿ ಹೋತು,
ಒಂದು ಚೇಳು ನನ್ನ ಚಪ್ಪಲಿ ದಾಟಿ
ಲಗ್ನಕ್ಕ ತಡ ಆದವರಂಗ ಓಡಿತು.
ನೆಲ ಹೊಗಿ ಬಿಟ್ಟಂಗ ರೆಕ್ಕಿ, ರೆಕ್ಕಿ.

ಕಬ್ಬಿಣ ಹಂಚಿನ್ಯಾಗ ಹುರದು, ಕೇರಿ,
ಚೂರು ಉಪ್ಪು ಹಾಕಿ
ಚುರುಮರಿ ಜೋಡಿ ಕೊಟ್ಟಳು.
ಕಣ್ಣು ಮುಚ್ಚಿ ಬಾಯಿಗೆ ಹಾಕ್ಕೊಂಡೆ.
ಹುರದ ಶೇಂಗಾ. ಅಲ್ಲ,
ಬೆಣ್ಣಿ ಕಾಸಿದ ಗಡಿಗಿ ತಳದಾಗ
ಅವ್ವ ನನಗಂತ ಬಿಡತಿದ್ದ ಕರಕಲು.

“ಬೆಳಿ ತಿಂತಾವಲ್ಲಬೇ ಇವು?”
“ಒಣಗಿದ್ದು ತಿಂತಾವು.
ಕೂಳಿ ಸುಟ್ಟು ಹೊಲ ಬೋಳು ಮಾಡಿದ್ರ
ಹಸೀದಕ್ಕ ಬಾಯಿ ಹಾಕತಾವು.
ಹೊಟ್ಟಿ ಎಲ್ಲಾರಿಗೂ ಐತಿ.”
ಅಂದು, ಮರ ಝಾಡಿಸಿ ಎದ್ದಳು.

ರಾತ್ರಿ ಇನ್ನೊಂದು ಜಡಿ ಹೊಡದಿತ್ತು.
ಮುಂಜಾನೆ ನೋಡತೀನಿ, ಹೊಲದ ತುಂಬ ನೀರು,
ವರ್ಷಾ ನನ್ನ ಗಾಲಿ ತುಳಿದಲ್ಲೆಲ್ಲ
ಹಲಗಿ ಹಂಗ ಬಿಗದ ನೆಲ, ಕುಡೀವಲ್ದು.
ಹುತ್ತದ ಸುತ್ತ ಒಂದು ಮಾರು ಅಷ್ಟ
ನೀರು ಇಳದು ಹೋಗಿ
ಮಣ್ಣು ಪುಠಾಣಿ ಹಿಟ್ಟಿನಂಗ ಬಿಟ್ಟುಕೊಂಡಿತ್ತು.
ಬಗ್ಗಿ ಬಟ್ಟು ಇಟ್ಟೆ, ಪೂರಾ ಹೋತು.
ಇಲ್ಲಿ ಯಾರೋ ಉತ್ತಾರ, ನನಕಿಂತ ಮೊದಲ,
ಬಾಡಿಗಿ ಕೇಳದ.

ಗೌಡ್ರ ಫೋನ್ ಮತ್ತ. “ಆತೇನೋ?”
ಸ್ಕ್ರೀನಿಗೆ ಒಂದು ರೆಕ್ಕಿ ಅಂಟಿತ್ತು,
ಒರಸಿದ್ರ ಹೋಗವಲ್ದು.
“ಬೇರಿಂಗ್ ಹೋಗೈತ್ರಿ,” ಅಂದೆ,
ಗಟ್ಟಿಮುಟ್ಟಿದ್ದ ಬೇರಿಂಗ್ ನೋಡಕೋತ.