ಹಿಡಿಕೆಯ ಬುಡದ ಹೆಬ್ಬೆಟ್ಟು

ಉಬ್ಬರ ಇಳಿದ ಮೇಲೆ ಟಾರಿಜ್ ನದಿಯ ಬೂದುಗೆಸರಲ್ಲಿ
ದೋಣಿಗಳು ಪಕ್ಕೆಯೂರಿ ಮಲಗುವಲ್ಲಿ,
ತಗಡಿನ ಚಾವಣಿ ಕೆಳಗೆ
ಡಾರ್ಕಸ್ ಯೋ ಚಕ್ರ ತುಳಿಯುತ್ತಿದ್ದಳು.
ನನಗಾಗ ಹದಿನಾಲ್ಕು. ಮಣ್ಣು ಹದ ಮಾಡುವ ಕೆಲಸ,
ವಾರಕ್ಕೆ ಹತ್ತು ಶಿಲಿಂಗು, ಮಧ್ಯಾಹ್ನ ಓಟ್ಸ್ ಗಂಜಿ.

ಮಾತು ಕಡಿಮೆ. ಹೂಜಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ
ಕಿವಿಗೊಡುವಳು,
ಮಗುವಿನ ಎದೆಗೆ ವೈದ್ಯರು ಕಿವಿಗೊಡುವ ಹಾಗೆ.
ದನಿ ಒಡಕಾದರೆ ಸುತ್ತಿಗೆ.
ಕುಂಬಾರನ ವರುಷವೂ ಅವಳದೇ,
ದೊಣ್ಣೆಯ ನಿಮಿಷವೂ ಅವಳದೇ.

ಯುದ್ಧದ ಕಾಲ. ಕಿಟಕಿಗೆಲ್ಲ ಕಪ್ಪುಪರದೆ.
ಆವಿಗೆಯಿಂದ ಒಂದು ಕಿಡಿ ಹಾರಿದರೂ
ಕಾವಲಿನ ಬ್ರೇಲಿ ಸೈಕಲ್ಲೇರಿ ಬರುವನು:
“ಜರ್ಮನರಿಗೆ ದೀಪ ಹಿಡೀತೀಯೇನಮ್ಮ?”
ಜೂನ್ ತಿಂಗಳ ಹಗಲನ್ನು ಅಳೆದು
ಪುಟ್ಟದೊಂದು ಆವಿಗೆ ಕಟ್ಟಿದಳು,
ಕತ್ತಲಾಗುವ ಮುಂಚೆ ಕೆಸರು ಮೆತ್ತಿ
ಬಾಯಿ ಮುಚ್ಚುವಂಥದ್ದು.
ಉರಿ ಸಾಲದೆ ಅರೆಬೆಂದ ಆ ಜೇನುಬಣ್ಣಕ್ಕೆ
ಲಂಡನ್ನಿನವರು ಮುಂದೆ ಶೈಲಿ ಅಂದರು.
“ಶೈಲಿಯಲ್ಲ,” ನಕ್ಕಳು, “ಬ್ರೇಲಿ.”

ಯುದ್ಧ ಮುಗಿದದ್ದೇ ಶಿಷ್ಯರು ಬಂದರು,
ಲೀಡ್ಸ್‌ನಿಂದ, ಡೆನ್ಮಾರ್ಕಿನಿಂದ, ನೋಟ್‌ಬುಕ್ ಸಮೇತ.
ಆರು ತಿಂಗಳು ಬರಿಯ ಮುಚ್ಚಳ ಮಾಡಿಸಿದಳು.
ನೋಟ್‌ಬುಕ್ಕುಗಳು ಒಲೆ ಹಚ್ಚಲು ಹೋದವು.
ಕೆಲವರು ಅತ್ತರು. ಇಬ್ಬರು ಓಡಿಹೋದರು.
ಉಳಿದವರ ಮುಚ್ಚಳ ಇಂದಿಗೂ
ಯಾವ ಊರಿನಲ್ಲಿದ್ದರೂ ಅಲುಗದೆ ಕೂರುತ್ತದೆ.

ಹೆಸರು ಕೆತ್ತಿದವಳಲ್ಲ.
ಓದು ಬಾರದವರ ಹಾಗೆ
ಹಿಡಿಕೆ ಕೂಡುವ ಬುಡದಲ್ಲಿ ಒಂದು ಹೆಬ್ಬೆಟ್ಟು,
ಹಸಿ ಮಣ್ಣಿಗೆ ಒತ್ತಿ, ಮುಂದಿನದಕ್ಕೆ ಕೈ ಚಾಚುವಳು.

ನಲವತ್ತೇಳರ ಚಳಿಗೆ ತೊಟ್ಟಿಯ ನೀರು ಕಲ್ಲಾಯಿತು.
ಅವಳ ಕೀಲುಗಳೂ.
ಹೆಬ್ಬೆರಳು ಮಡಿಸಲಾರಳು.
ಹಲಗೆಯ ಮೇಲೆ ಹನ್ನೆರಡು ಹೂಜಿ ಕಾಯುತ್ತಿದ್ದವು.
“ನಿನ್ನದನ್ನೇ ಒತ್ತೋ, ಸೈಲಸ್,”
ಅಂದಳು, ನನ್ನ ಕಡೆ ನೋಡದೆ.

ಮೊನ್ನೆ ಎಕ್ಸೆಟರ್ ಹರಾಜಿನಲ್ಲಿ
ಬಿಳಿ ಕೈಗವಸಿನ ಹುಡುಗಿ ಎತ್ತಿ ತೋರಿಸಿದಳು:
“ನೋಡಿ, ಡಾರ್ಕಸ್ ಯೋ ಅವರದೇ ಹೆಬ್ಬೆಟ್ಟು.
ಅಡ್ಡಲಾಗಿ ಗಾಯದ ಗೆರೆ ಕೂಡ ಇದೆ.”
ನಾಲ್ಕು ಸಾವಿರ ಪೌಂಡು.
ಆ ಗಾಯ, ಮಣ್ಣು ಕುಯ್ಯುವ ತಂತಿ
ಹದಿನೈದರಲ್ಲಿ ನನಗೆ ಮಾಡಿದ್ದು.
ಕೋಟಿನ ಜೇಬಿನೊಳಗೆ ಬೆರಳು ತಾನಾಗಿ ಮಡಿಸಿಕೊಂಡಿತು.

ಎದ್ದು ಹೇಳಬಹುದಿತ್ತು. ಹೇಳಲಿಲ್ಲ.
ಬಸ್ಸಿನುದ್ದಕ್ಕೂ ಕೊರೆದದ್ದು ಅದಲ್ಲ:
ಅಷ್ಟು ಜನ ಇದ್ದರಲ್ಲ ಅಲ್ಲಿ,
ಒಬ್ಬರಾದರೂ ಗೆಣ್ಣಿನಿಂದ ತಟ್ಟಿ
ಅದರ ದನಿ ಕೇಳಲಿಲ್ಲ.