ಏಪ್ರಿಲ್ಲಿನ ತಲೆಯೆಣಿಕೆ

ಮೊನ್ನೆ ಮಂಗಳವಾರ ಧ್ವನಿವರ್ಧಕ ಸಾರಿತು:
ಇಂದಿನ ಪ್ರೇಕ್ಷಕರು ಒಂಬತ್ತು ಸಾವಿರದ ನಾನೂರ ಹನ್ನೆರಡು.
ಅದು ಮಾರಿದ ಟಿಕೆಟ್ಟಿನ ಲೆಕ್ಕ.
ಮೇಲಿನ ಗ್ಯಾಲರಿಯ ನನ್ನ ಪಾಲಿನ ಕುರ್ಚಿಗಳಲ್ಲಿ
ಕೂತಿದ್ದವರು ಹನ್ನೊಂದು ಜನ.
ಈರಿ ಸರೋವರದಿಂದ ಹಾರಿಬಂದ ಕಡಲಹಕ್ಕಿಗಳನ್ನು ಸೇರಿಸಿದರೆ
ಎಪ್ಪತ್ತರ ಮೇಲೆ.

ಕ್ಲೀವ್‌ಲ್ಯಾಂಡಿನಲ್ಲಿ ಏಪ್ರಿಲ್ ಎಂದರೆ
ವಸಂತ ಇರುವುದು ಕ್ಯಾಲೆಂಡರಿನಲ್ಲಿ.
ಕುರ್ಚಿಯ ಮೇಲಿನ ಹಿಮ ಒರೆಸುವುದು ನನ್ನ ಕೆಲಸ,
ಯಾರೂ ಬಾರದ ಕುರ್ಚಿಯದನ್ನೂ.
ಆಟಗಾರ ಕೆಮ್ಮಿದರೆ ಇಲ್ಲಿಗೆ ಕೇಳುತ್ತದೆ.
ಬ್ಯಾಟಿಗೆ ಚೆಂಡು ತಗಲಿದ ಸದ್ದು
ಖಾಲಿ ಸಾಲುಗಳನ್ನೆಲ್ಲ ಮುಟ್ಟಿ ಮಾತಾಡಿಸಿ
ವಾಪಸು ಹೋಗುತ್ತದೆ.

ಹದಿನೇಳನೇ ಸಾಲು, ಕಬ್ಬಿಣದ ಕಂಬಿಯ ಪಕ್ಕ, ಆರ್ಮೆಲ್ಲಾ ಟೇಟಮ್.
ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದ ಕೈಗೆ
ಬೆರಳು ಕತ್ತರಿಸಿದ ಉಣ್ಣೆಯ ಗವಸು,
ಗವಸಿನಲ್ಲಿ ಗಿಡ್ಡ ಪೆನ್ಸಿಲ್ಲು,
ಮಡಿಲಲ್ಲಿ ಸ್ಕೋರು ಪುಸ್ತಕ.
ಸೋತು ಸುಣ್ಣವಾದ ತಂಡ, ಎಂಟು ರನ್ನಿನ ಹಿನ್ನಡೆ, ಕೊನೆಯ ಇನಿಂಗ್ಸು.
"ಹೊರಡಬಾರದೇ, ಚಳಿ," ಎಂದೆ ಒಮ್ಮೆ.
ತಲೆಯೆತ್ತದೆ ಹೇಳಿದಳು:
"ರಾತ್ರಿ ಹನ್ನೆರಡೂ ಹತ್ತರ ಬಸ್ಸಲ್ಲಿ ಒಬ್ಬರೂ ಇರುತ್ತಿರಲಿಲ್ಲ.
ಆದರೂ ಸ್ಟಾಪಿಗೆ ಸ್ಟಾಪು ನಿಲ್ಲಿಸಿ, ಬಾಗಿಲು ತೆರೆದು,
ಗಾಳಿಯನ್ನು ಹತ್ತಿಸಿಕೊಂಡು ಹೊರಡುತ್ತಿದ್ದೆ."

ಹೋದ ವರ್ಷ ಅದೇನಾಯಿತೋ,
ಆಗಸ್ಟಿನಲ್ಲಿ ಗೆಲ್ಲತೊಡಗಿದರು,
ಸೆಪ್ಟೆಂಬರಿನಲ್ಲಿ ಸೋಲುವುದು ಹೇಗೆಂದೇ ಮರೆತರು.
ಅಕ್ಟೋಬರಿಗೆ,
ಹಬ್ಬದಡುಗೆಯ ಪರಿಮಳಕ್ಕೆ ನೆಂಟಸ್ತನ ನೆನಪಾದಂತೆ,
ಊರಿಗೆ ಊರೇ ನುಗ್ಗಿತು.
ಹನ್ನೆರಡು ಡಾಲರಿನ ಕುರ್ಚಿ ಇನ್ನೂರ ಎಂಬತ್ತಾಯಿತು.
ಹೊಸ ಅಂಗಿಗಳ ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ.
ಶೌಚಾಲಯದ ದಾರಿ ಕೇಳಿದರು, ಪಿಚ್ಚರನ ಹೆಸರು ಕೇಳಿದರು,
ಗುರುತಿಲ್ಲದವರನ್ನು ತಬ್ಬಿಕೊಂಡು ಅತ್ತರು.
ಸುಳ್ಳು ಹೇಳಲಾರೆ, ನನಗೂ ಮೈ ಜುಮ್ಮೆಂದಿತು.
ಮೂವತ್ತೈದು ಸಾವಿರ ಗಂಟಲು ಒಮ್ಮೆಗೇ ತೆರೆದರೆ
ಕಾಲಡಿಯ ಕಾಂಕ್ರೀಟು ಕುದುರೆಯ ಚರ್ಮದ ಹಾಗೆ ಅದುರುತ್ತದೆ.
ಟೀವಿಯಲ್ಲಿ ನೋಡುವವರು ಎಷ್ಟೋ ಲಕ್ಷ ಎಂದರು. ಇರಬಹುದು.
ಹದಿನೇಳನೇ ಸಾಲಿನಲ್ಲಿ ಯಾರೋ ಹುಡುಗ
ಕಂಬಿ ಅಡ್ಡ ಬರುತ್ತದೆಂದು ನನ್ನ ಹತ್ತಿರ ಜಗಳ ತೆಗೆದ.

ಆರ್ಮೆಲ್ಲಾ ಎಲ್ಲಿದ್ದಳೆಂದು ಈಗ ತಿಳಿಯಿತು.
ನದಿಯಾಚೆ, ಮೂರನೇ ಮಹಡಿಯ ಅಡುಗೆಮನೆಯಲ್ಲಿ,
ಟೀವಿ ಹಾಕಿ, ಕಿಟಕಿ ತೆರೆದಿಟ್ಟು, ಕೋಟು ತೊಟ್ಟು.
ಟೀವಿಯ ಚೆಂಡು ಒಂದಷ್ಟು ಕ್ಷಣ ತಡವಾಗಿ ಬರುತ್ತದಂತೆ.
ನಮ್ಮ ಕೂಗು ನೀರು ದಾಟಿ ಕಿಟಕಿಯಿಂದ ಮೊದಲೇ ಒಳಬರುತ್ತದಂತೆ.
ಪರದೆಯ ಮೇಲೆ ಪಿಚ್ಚರ್ ಇನ್ನೂ ಟೋಪಿ ಸರಿಮಾಡಿಕೊಳ್ಳುತ್ತಿರುವಾಗ
ಇವಳ ಪುಸ್ತಕದಲ್ಲಿ ಹೋಮ್ ರನ್ ಬಿದ್ದಾಗಿರುತ್ತಿತ್ತು.
"ಕೂಗಿನ ದಪ್ಪದಲ್ಲೇ ಗೊತ್ತಾಗುತ್ತೆ," ಎಂದಳು.
"ಕೊನೆಯ ರಾತ್ರಿ ಕಿಟಕಿಯಿಂದ ಏನೂ ಬರಲಿಲ್ಲ.
ಪೆನ್ಸಿಲ್ ಕೆಳಗಿಟ್ಟೆ.
ಆಮೇಲೆ ಟೀವಿಯಲ್ಲಿ ಸೋತರು."

ಪುಸ್ತಕದ ಅಂಚಿನಲ್ಲಿ ಅವಳದೇ ಒಂದು ಲೆಕ್ಕ,
ಆಟಕ್ಕೊಂದು ಸಂಖ್ಯೆ, ಬಸ್ಸಿನ ಕಾಲದ ಚಾಳಿ.
ಇಣುಕಿ ನೋಡಿದೆ. ಮಂಗಳವಾರ: ಹನ್ನೆರಡು.
"ಹನ್ನೊಂದು," ಎಂದೆ.
ಪೆನ್ಸಿಲ್ಲಿನ ತುದಿಯಿಂದ ನನ್ನ ಎದೆಯ ಗುರುತುಪಟ್ಟಿ ತಟ್ಟಿದಳು.

ಏಳನೇ ಇನಿಂಗ್ಸಿಗೆ ಮತ್ತೆ ಹಿಮ ಉದುರತೊಡಗಿತು.
ಬಟ್ಟೆ ಹಿಂಡಿಕೊಂಡು
ಆ ತುದಿಯಿಂದ ಶುರುಮಾಡಿದೆ.